ಜಾತ್ರೆಗೆ ನೆಂಟರಂತೆ ಹೋಗಿ: ಮೈಸೂರು–ಮಂಡ್ಯ ಸೀಮೆಯ ತೇರು, ಕೊಂಡ, ಪರಿಷೆಗಳಿಗೆ ದಾರಿ

ಮಾರ್ಚ್ ತಿಂಗಳು ಹತ್ತಿರ ಬಂತೆಂದರೆ ವರ್ಷವೂ ತಪ್ಪದೆ ನನಗೆ ಬರುವ ಪ್ರಶ್ನೆ ಒಂದಿದೆ: "ಮೇಲುಕೋಟೆ ವೈರಮುಡಿ ಯಾವ ಭಾನುವಾರ?" ಕೇಳುವವರದ್ದು ತಪ್ಪೇನಿಲ್ಲ. ಮಕ್ಕಳಿಗೆ ಶಾಲೆ, ತಮಗೆ ಕಚೇರಿ, ಕೈಯಲ್ಲಿರುವುದು ಒಂದು ಭಾನುವಾರ. ಆದರೆ ವೈರಮುಡಿ ಎಂಬ ವಜ್ರದ ಕಿರೀಟ ತೊಟ್ಟು ಆ ರಾತ್ರಿ ಬೀದಿಗೆ ಬರುವ ಮೇಲುಕೋಟೆಯ ದೇವರು ಚೆಲುವರಾಯಸ್ವಾಮಿಗೆ ಭಾನುವಾರದ ಲೆಕ್ಕ ಇಲ್ಲ. 2024ರಲ್ಲಿ ವೈರಮುಡಿ ಮಾರ್ಚ್ 21ರ ಗುರುವಾರ ಬಂತು. 2025ರಲ್ಲಿ ಏಪ್ರಿಲ್ 7ರ ಸೋಮವಾರ. ಭಾನುವಾರ ಹೋದವರು ಖಾಲಿ ಬೀದಿ ನೋಡಿಕೊಂಡು, ಪುಳಿಯೋಗರೆ ತಿಂದು, ಕಲ್ಯಾಣಿಯ ಮುಂದೆ ಫೋಟೊ ಹೊಡೆಸಿಕೊಂಡು ಬಂದರು.

ಇಪ್ಪತ್ತು ವರ್ಷಗಳಿಂದ ಈ ಎರಡು ಜಿಲ್ಲೆಗಳ ಜಾತ್ರೆಗಳನ್ನು ಸುತ್ತಿದ ಮೇಲೆ ನನಗೆ ಗಟ್ಟಿಯಾದ ಮಾತು ಇದು: ಜಾತ್ರೆಯನ್ನು ಪ್ರವಾಸಿಯಾಗಿ ನೋಡಲು ಹೋದರೆ ಬೆನ್ನುಗಳು ಕಾಣುತ್ತವೆ, ನೆಂಟರಾಗಿ ಹೋದರೆ ಹಬ್ಬ ಕಾಣುತ್ತದೆ. ನೆಂಟರು ತೇರಿನ ಹೊತ್ತಿಗೆ ಸರಿಯಾಗಿ ಬಂದು ತೇರು ನಿಂತೊಡನೆ ಹೊರಡುವುದಿಲ್ಲ. ಒಂದು ದಿನ ಮೊದಲು ಬರುತ್ತಾರೆ, ಬರಿಗೈಯಲ್ಲಿ ಬರುವುದಿಲ್ಲ, ಉಂಡು ಹೋಗುತ್ತಾರೆ. ಕೆಳಗೆ ಹೇಳಿರುವುದೆಲ್ಲ ಹೆಚ್ಚುಕಡಿಮೆ ಇಷ್ಟಕ್ಕೆ ಬೇಕಾದ ತಯಾರಿ.

ಮೊದಲು ಪಂಚಾಂಗ, ಆಮೇಲೆ ರಜೆ ಚೀಟಿ

ಯುಗಾದಿಗೆ ಒಂದು ಒಂಟಿಕೊಪ್ಪಲ್ ಪಂಚಾಂಗ ಕೊಂಡುಕೊಳ್ಳಿ. ಮೈಸೂರಿನ ಸುತ್ತಲಿನ ಎಷ್ಟೋ ಮನೆಗಳ ಗೋಡೆಯಲ್ಲಿ ಮೊಳೆಗೆ ನೇತುಬಿದ್ದಿರುತ್ತದೆ, ನಿಮ್ಮ ಮನೆಯಲ್ಲೂ ಇರಬಹುದು. ಅದರಲ್ಲಿ ಮುಖ್ಯ ಜಾತ್ರೆ, ರಥೋತ್ಸವಗಳು ದಿನದ ಎದುರೇ ಅಚ್ಚಾಗಿರುತ್ತವೆ. ಒಂದು ಸಂಜೆ ಪೆನ್ನು ಹಿಡಿದು ಕೂತರೆ ವರ್ಷದ ಓಡಾಟವೆಲ್ಲ ಗೊತ್ತಾಗುತ್ತದೆ.

ಎಲ್ಲ ಜಾತ್ರೆಗಳಿಗೂ ಒಂದೇ ಲೆಕ್ಕವಿಲ್ಲ ಎಂಬುದು ನೆನಪಿರಲಿ. ಕೆಲವು ತಿಥಿಯ ಮೇಲೆ ನಿಂತವು: ಶ್ರೀರಂಗಪಟ್ಟಣದ ರಂಗನಾಥನ ತೇರು ಮಾಘ ಶುದ್ಧ ಸಪ್ತಮಿ, ಅಂದರೆ ರಥಸಪ್ತಮಿಗೆ. ಸುತ್ತೂರು ಜಾತ್ರೆ ಪುಷ್ಯ ಮಾಸದ ಕೃಷ್ಣಪಕ್ಷದ ಕೊನೆಗೆ ಶುರುವಾಗಿ ಆರು ದಿನ. ಕೆಲವು ಸಂಕ್ರಾಂತಿಯ ಬೆನ್ನಿಗೆ: ಚುಂಚನಕಟ್ಟೆಯ ದನಗಳ ಜಾತ್ರೆ ಹಾಗೆ. ಮೇಲುಕೋಟೆಯದು ಮೂರನೆಯ ಬಗೆ. ಸೂರ್ಯ ಮೀನ ರಾಶಿಯಲ್ಲಿರುವಾಗ ಬರುವ ಪುಷ್ಯ ನಕ್ಷತ್ರ ಅದರ ಗುರುತು. ಹೀಗಾಗಿಯೇ ಅದು 2024ರಲ್ಲಿ ಫಾಲ್ಗುಣದಲ್ಲಿ ನಡೆದು, 2025ರಲ್ಲಿ ಯುಗಾದಿ ದಾಟಿ ಚೈತ್ರಕ್ಕೆ ಹೋಯಿತು. "ಹೋಳಿ ಹುಣ್ಣಿಮೆಯ ಹತ್ತಿರ" ಎಂದು ಅಂದಾಜಿನಲ್ಲಿ ಬಸ್ಸು ಹತ್ತಿದವರು ಆ ವರ್ಷ ಮೋಸಹೋದರು. ನಂಜನಗೂಡಿನ ದೊಡ್ಡ ಜಾತ್ರೆಯೂ ಅದೇ ವಾರದ ಆಸುಪಾಸಿನಲ್ಲಿ ಬರುತ್ತದೆ: 2024ರಲ್ಲಿ ಮಾರ್ಚ್ 22, 2025ರಲ್ಲಿ ಏಪ್ರಿಲ್ 9. ಎರಡನ್ನೂ ಒಂದೇ ರಜೆಯಲ್ಲಿ ಮುಗಿಸುವ ಆಸೆ ಹುಟ್ಟುವುದು ಸಹಜ. ನಾನೂ ಒಮ್ಮೆ ಮಾಡಿದೆ. ಎರಡನೆಯದರಲ್ಲಿ ತೇರು ಹೊರಟಾಗ ಅಂಗಡಿಯೊಂದರ ಜಗಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದೆ.

ಸಣ್ಣ ಊರುಗಳ ಹಬ್ಬಕ್ಕೆ ಪಂಚಾಂಗವೂ ಸಾಲದು. ಅವು ಊರಿನ ಯಜಮಾನರು ಸೇರಿ ನಿಶ್ಚಯಿಸುವಂಥವು. ಮಳೆ ಹೋದರೆ, ಊರಿನಲ್ಲಿ ಸಾವಾದರೆ, ಮನೆಮನೆಯ ವಂತಿಗೆ ಕೂಡದಿದ್ದರೆ ಮುಂದಕ್ಕೆ ಹೋಗುತ್ತವೆ. ಎರಡು ವರ್ಷಕ್ಕೊಮ್ಮೆ, ಮೂರು ವರ್ಷಕ್ಕೊಮ್ಮೆ ಮಾಡುವ ಊರುಗಳೂ ಇವೆ. ಅಲ್ಲಿಯವರೊಬ್ಬರ ಫೋನ್ ನಂಬರ್ ಇದ್ದರೆ ಸಾಕು. ಆಫೀಸಿನಲ್ಲಿ, ಅಪಾರ್ಟ್‌ಮೆಂಟಿನಲ್ಲಿ, ತರಕಾರಿ ಅಂಗಡಿಯಲ್ಲಿ ಮಂಡ್ಯದವರು ಒಬ್ಬರಾದರೂ ಇರುತ್ತಾರೆ. "ನಿಮ್ಮೂರ ಹಬ್ಬ ಯಾವಾಗ?" ಎಂದು ಕೇಳಿ ನೋಡಿ. ಮುಖ ಅರಳುವುದನ್ನು ನೋಡಿದರೆ ಅರ್ಧ ಹಬ್ಬ ಅಲ್ಲೇ ಆದಂತೆ.

ಯಾವ ಬಗೆಯ ಜಾತ್ರೆ ಎಂದು ತೀರ್ಮಾನಿಸಿ

ನನ್ನ ಲೆಕ್ಕದಲ್ಲಿ ಮೂರು ಬಗೆ. ದೊಡ್ಡ ದೇವಸ್ಥಾನದ ತೇರು: ನಂಜನಗೂಡು, ಮೇಲುಕೋಟೆ, ಶ್ರೀರಂಗಪಟ್ಟಣ, ದಸರೆ ಮುಗಿದ ಮೇಲೆ ಚಾಮುಂಡಿಬೆಟ್ಟ. ಮಠ ಮತ್ತು ಗದ್ದುಗೆಗಳ ಜಾತ್ರೆ: ಸುತ್ತೂರು, ಆದಿಚುಂಚನಗಿರಿ, ಕಪ್ಪಡಿ. ಮೂರನೆಯದು ಹಳ್ಳಿಯ ಅಮ್ಮನ ಹಬ್ಬ: ಮಾರಮ್ಮ, ಪಟ್ಟಲದಮ್ಮ, ಮದ್ದೂರಮ್ಮ, ಬಿಸಿಲಮ್ಮ. ಅಲ್ಲಿ ಕೊಂಡ (ಕೆಂಡ ಹಾಯುವುದು), ಬಾಯಿಬೀಗ (ಕೆನ್ನೆಗೆ ಸರಳು ಚುಚ್ಚಿಸಿಕೊಳ್ಳುವ ಹರಕೆ), ಸಿಡಿ (ಎತ್ತರದ ಮರದ ತೊಲೆಗೆ ಕಟ್ಟಿ ಸುತ್ತಿಸುವ ಹರಕೆ) ಇರುತ್ತವೆ.

ಮಕ್ಕಳೂ ವಯಸ್ಸಾದವರೂ ಜೊತೆಗಿದ್ದರೆ ಕಣ್ಣುಮುಚ್ಚಿ ಸುತ್ತೂರಿಗೆ ಹೋಗಿ. ಕಪಿಲೆಯ ದಡದಲ್ಲಿ ವಿಸ್ತಾರವಾದ ಜಾಗ, ಹೊತ್ತುಹೊತ್ತಿಗೆ ದಾಸೋಹ, ಕೃಷಿ ಮೇಳ, ಕುಸ್ತಿ, ದನಗಳ ಸಾಲು, ಸಾಮೂಹಿಕ ಮದುವೆ. ಯಾರೂ ಹಸಿದು ಬರುವುದಿಲ್ಲ, ಯಾರೂ ಕಳೆದುಹೋಗುವುದೂ ಇಲ್ಲ. ಧ್ವನಿವರ್ಧಕದಲ್ಲಿ ಹೆಸರು ಕೂಗುತ್ತಲೇ ಇರುತ್ತಾರೆ.

ಕಪ್ಪಡಿಯ ದಾರಿ ಬೇರೆ. ಕೆ.ಆರ್. ನಗರದ ಕಡೆ ಕಾವೇರಿಯ ದಡದಲ್ಲಿರುವ ರಾಚಪ್ಪಾಜಿಯ ಗದ್ದುಗೆ ಅದು, ಮಂಟೇಸ್ವಾಮಿ ಪರಂಪರೆಯ ಜಾಗ. ಶಿವರಾತ್ರಿಗೆ ಶುರುವಾದ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ಒಕ್ಕಲುಗಳು ಪಾತ್ರೆ, ಅಕ್ಕಿ, ಸೌದೆ ಸಮೇತ ಬಂದು ಬಿಡಾರ ಹೂಡುತ್ತಾರೆ. ರಾತ್ರಿ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ತಂಬೂರಿ ಹಿಡಿದು ಕಥೆ ಎತ್ತಿದರೆ ಬೆಳಗಾಗುವವರೆಗೆ ನಿಲ್ಲಿಸುವುದಿಲ್ಲ. ಅಲ್ಲಿಗೆ ಹೋಗುವುದಾದರೆ ರಾತ್ರಿಯ ಕಂಬಳಿ ಮರೆಯಬೇಡಿ. ಕಥೆ ಕೇಳಲು ಕೂತರೆ ನಡುವೆ ಏಳಬೇಡಿ. ಏಳುವುದಾದರೆ ಮೊದಲೇ ಹಿಂದೆ ಕೂರಿ.

ಇವೆಲ್ಲದರ ಹೊರಗೆ, ಮದ್ದೂರು ತಾಲ್ಲೂಕಿನ ಆಬಲವಾಡಿಯ ತೋಪಿನ ತಿಮ್ಮಪ್ಪನ ಹರಿಸೇವೆಯಂಥವೂ ಇವೆ. ಅಲ್ಲಿ ಪ್ರಸಾದ ತಾವರೆ ಎಲೆಯ ಮೇಲೆ. ಬಾಳೆ ಎಲೆಗೆ ರೂಢಿಯಾದ ಕೈಗೆ ಆ ದುಂಡನೆಯ ಎಲೆಯ ಮೇಲೆ ಸಾರು ಓಡುವುದನ್ನು ಹಿಡಿಯಲು ಸ್ವಲ್ಪ ಸಮಯ ಬೇಕು.

ಹೋಗುವುದು ಹೇಗೆ

ಸಾಧ್ಯವಾದಷ್ಟೂ ಕಾರು ಬೇಡ. ದೊಡ್ಡ ಜಾತ್ರೆಗಳಲ್ಲಿ ಪೊಲೀಸರು ವಾಹನಗಳನ್ನು ಊರಿನಿಂದ ಬಹಳ ಹಿಂದೆಯೇ ಹೊಲಗಳಲ್ಲಿ ನಿಲ್ಲಿಸುತ್ತಾರೆ. ಬರುವಾಗ ಸಂಭ್ರಮದಲ್ಲಿ ನಡೆದುಬಿಡುತ್ತೀರಿ. ಹೋಗುವಾಗ ನಡುರಾತ್ರಿಯಲ್ಲಿ ಒಂದೇ ಬಣ್ಣದ ನೂರಾರು ಕಾರುಗಳ ನಡುವೆ ನಿಮ್ಮದನ್ನು ಹುಡುಕಬೇಕು. ಜಾತ್ರೆ ದಿನ ಸಾರಿಗೆ ಬಸ್ಸುಗಳು ಹೆಚ್ಚು ಓಡುತ್ತವೆ. 2023ರ ಜೂನ್‌ನಿಂದ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಹೆಣ್ಣುಮಕ್ಕಳು ಹಣ ಕೊಡಬೇಕಿಲ್ಲ, ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಆದ್ದರಿಂದ ಬಸ್ಸು ಹೊರಡುವ ನಿಲ್ದಾಣದಲ್ಲೇ ಹತ್ತಿ, ದಾರಿಯಲ್ಲಿ ಕಾದು ಜಾಗ ಸಿಗುವ ಕಾಲ ಹೋಯಿತು. ನಂಜನಗೂಡಿಗೆ ಮೈಸೂರಿನಿಂದ ಚಾಮರಾಜನಗರದ ರೈಲು ಇದೆ, ಜಾತ್ರೆಯ ದಿನ ಬಸ್ಸಿಗಿಂತ ಅದೇ ಮೇಲು. ಮೇಲುಕೋಟೆಗೆ ರೈಲು ಇಲ್ಲ. ಮೈಸೂರಿನಿಂದ ಸುಮಾರು 50 ಕಿಲೋಮೀಟರ್, ಪಾಂಡವಪುರ–ಜಕ್ಕನಹಳ್ಳಿ ಮೇಲೆ ಬಸ್ಸು. ಬೆಂಗಳೂರಿನಿಂದ ಬೈಕಿನಲ್ಲಿ ಬರುವ ಹುಡುಗರಿಗೆ ಒಂದು ಮಾತು: ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನಕ್ಕೆ ನಿಷೇಧವಿದೆ, ಸರ್ವಿಸ್ ರಸ್ತೆ ಹಿಡಿಯಿರಿ.

ಇಳಿದೊಡನೆ ಮಾಡಬೇಕಾದ ಕೆಲಸ ದರ್ಶನವಲ್ಲ. ಕಂಡಕ್ಟರ್ ಅವರನ್ನು "ಅಣ್ಣಾ, ವಾಪಸು ಕೊನೆ ಬಸ್ಸು ಎಷ್ಟಕ್ಕೆ? ಎಲ್ಲಿಂದ?" ಎಂದು ಕೇಳುವುದು. ಜಾತ್ರೆ ದಿನ ಬಸ್ಸು ನಿಲ್ಲುವ ಜಾಗ ಬೆಳಗ್ಗೆ ಒಂದು ಕಡೆ, ರಾತ್ರಿ ಇನ್ನೊಂದು ಕಡೆ.

ಮೈಮೇಲೆ ಹತ್ತಿ ಬಟ್ಟೆ. ಗಂಡಸರು ಪಂಚೆ, ಹೆಗಲಿಗೊಂದು ವಲ್ಲಿ: ಅಂಗಿ ತೆಗೆಯಿರಿ ಎಂದ ಕಡೆ ಹೊದೆಯಲು, ಬಿಸಿಲಿಗೆ ತಲೆಗೆ ಕಟ್ಟಲು, ಸ್ನಾನವಾದರೆ ಒರೆಸಿಕೊಳ್ಳಲು, ನಿದ್ದೆ ಬಂದರೆ ಹಾಸಲು. ಇಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ. ಹತ್ತು, ಇಪ್ಪತ್ತು ರೂಪಾಯಿ ನೋಟುಗಳನ್ನು ಮನೆಯಿಂದಲೇ ತನ್ನಿ. ಲಕ್ಷ ಜನ ಒಂದು ಬೆಟ್ಟದ ಮೇಲೆ ಸೇರಿದಾಗ ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತದೆ, ಹಣ್ಣುಕಾಯಿ ಅಂಗಡಿಯ ಅಕ್ಕ ಕ್ಯೂಆರ್ ಕೋಡ್ ತೋರಿಸಿ ಏನು ಮಾಡಿಯಾಳು? ಜೊತೆಯವರೊಂದಿಗೆ ಕೂಡುವ ಜಾಗವನ್ನೂ ಮೊದಲೇ ಹೇಳಿಟ್ಟುಕೊಳ್ಳಿ: ಕಲ್ಯಾಣಿಯ ಮೆಟ್ಟಿಲು, ಗರುಡಗಂಬ, ಅರಳಿಕಟ್ಟೆ, ಹೀಗೆ ಅಲುಗದಂಥದ್ದು. "ಬಲೂನ್ ಮಾರುವವನ ಹತ್ತಿರ" ಎಂದು ಹೇಳಿ ಒಂದೂವರೆ ಗಂಟೆ ಬಲೂನಿನವನ ಹಿಂದೆ ಸುತ್ತಿದ ಅನುಭವ ನಮ್ಮ ಮನೆಯಲ್ಲಿದೆ.

ಚಪ್ಪಲಿಯ ವಿಚಾರ. ಹಣ್ಣುಕಾಯಿ ಕೊಂಡ ಅಂಗಡಿಯಲ್ಲೇ ಬಿಡಿ, ಅವರು ನೋಡಿಕೊಳ್ಳುತ್ತಾರೆ. ಒಂದು ದೇವಸ್ಥಾನದ ಮುಂದೆ ರಾಶಿಯಲ್ಲಿ ಬಿಟ್ಟ ನನ್ನ ಹೊಸ ಚಪ್ಪಲಿ ಮಾಯವಾಗಿ, ಏಪ್ರಿಲ್ ಮಧ್ಯಾಹ್ನದ ಟಾರು ರಸ್ತೆಯಲ್ಲಿ ಬಸ್ ನಿಲ್ದಾಣದವರೆಗೆ ಕುಣಿದುಕೊಂಡು ಹೋದೆ. ನೋಡಿದವರು ನನಗೂ ಮೈಮೇಲೆ ದೇವರು ಬಂದಿದೆ ಎಂದುಕೊಂಡರೋ ಏನೋ, ದಾರಿ ಬಿಟ್ಟರು.

ಮೇಲುಕೋಟೆ: ಕಿರೀಟವನ್ನು ಬೆಟ್ಟದ ಕೆಳಗೇ ನೋಡಿ

ವೈರಮುಡಿ ಎಂಬ ವಜ್ರಖಚಿತ ಕಿರೀಟ ವರ್ಷವೆಲ್ಲ ಮಂಡ್ಯದ ಜಿಲ್ಲಾ ಖಜಾನೆಯಲ್ಲಿ ಇರುತ್ತದೆ. ಉತ್ಸವದ ಬೆಳಗ್ಗೆ ಅಧಿಕಾರಿಗಳ ಎದುರು ಪೆಟ್ಟಿಗೆ ಹೊರತೆಗೆದು, ಪೂಜೆ ಮಾಡಿ, ಪೊಲೀಸ್ ಕಾವಲಿನಲ್ಲಿ ವಾಹನಕ್ಕೇರಿಸುತ್ತಾರೆ. ಜೊತೆಗೆ ರಾಜ ಒಡೆಯರು ಒಪ್ಪಿಸಿದ ರಾಜಮುಡಿಯೂ ಬರುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರದ ದಾರಿಯಲ್ಲಿ ಹಳ್ಳಿ ಹಳ್ಳಿಗೂ ಅದು ನಿಲ್ಲಬೇಕು. ರಸ್ತೆಗೆ ನೀರು ಹಾಕಿ ರಂಗೋಲಿ ಬಿಟ್ಟಿರುತ್ತಾರೆ, ತಳಿರು ಕಟ್ಟಿರುತ್ತಾರೆ, ಹೆಂಗಸರು ಆರತಿ ತಟ್ಟೆ ಹಿಡಿದು ಬಿಸಿಲಲ್ಲಿ ಕಾಯುತ್ತಿರುತ್ತಾರೆ. ಪಾನಕ, ನೀರುಮಜ್ಜಿಗೆಯ ಅರವಟ್ಟಿಗೆ ಪಕ್ಕದಲ್ಲೇ.

ನನ್ನ ಕೇಳಿದರೆ ವೈರಮುಡಿಯ ನಿಜವಾದ ಸೊಗಸು ಇರುವುದು ಇಲ್ಲಿ. ಪೆಟ್ಟಿಗೆ ಮುಚ್ಚಿರುತ್ತದೆ, ವಜ್ರ ಕಾಣುವುದಿಲ್ಲ. ಆದರೆ ಕಬ್ಬಿನ ಗದ್ದೆಯಿಂದ ಹಾಗೆಯೇ ಎದ್ದು ಬಂದು, ಕೆಸರು ಕಾಲು ತೊಳೆದುಕೊಂಡು, ಪೆಟ್ಟಿಗೆಗೆ ಕೈಮುಗಿದು ಮತ್ತೆ ಗದ್ದೆಗೆ ಇಳಿಯುವ ಮನುಷ್ಯನನ್ನು ಮೇಲಿನ ನೂಕುನುಗ್ಗಲಿನಲ್ಲಿ ನೀವು ಕಾಣಲಾರಿರಿ. ಮಧ್ಯಾಹ್ನವೇ ಬಂದು ಈ ದಾರಿಯ ಯಾವುದಾದರೂ ಹಳ್ಳಿಯಲ್ಲಿ ನಿಲ್ಲಿ.

ರಾತ್ರಿ ಗರುಡವಾಹನದ ಮೇಲೆ ಚೆಲುವರಾಯಸ್ವಾಮಿಯ ಉತ್ಸವಮೂರ್ತಿಗೆ ವೈರಮುಡಿ ಧರಿಸುತ್ತಾರೆ. ಹಗಲಿನ ಬೆಳಕು ಇದಕ್ಕೆ ತಾಗಬಾರದು ಎಂಬುದು ನಂಬಿಕೆ, ಹಾಗಾಗಿ ಎಲ್ಲವೂ ಬೆಳಗಾಗುವ ಮೊದಲೇ ಮುಗಿಯಬೇಕು. ವಿರೋಚನ ಕದ್ದೊಯ್ದ ಕಿರೀಟವನ್ನು ಗರುಡ ಮರಳಿ ತಂದ ಎಂಬ ಕಥೆಯನ್ನು ನಿಮ್ಮ ಪಕ್ಕ ನಿಂತ ಅಜ್ಜಿ ಹೇಳಿಯೇ ಹೇಳುತ್ತಾರೆ, ಕೇಳಿಸಿಕೊಳ್ಳಿ. ದೇವಸ್ಥಾನದ ಬಾಗಿಲಲ್ಲೇ ನಿಲ್ಲುವ ಹಟ ಬೇಡ. ಉತ್ಸವ ಬೀದಿಗಳನ್ನು ಸುತ್ತಿ ಬರುತ್ತದೆ. ರಾಜಬೀದಿಯ ದೂರದ ತುದಿಯಲ್ಲಿ ಜಗಲಿಯ ಹತ್ತಿರ ಗೋಡೆಗೆ ಒರಗಿ ನಿಂತರೆ ಮೂರ್ತಿ ನಿಮ್ಮ ಮುಂದೆಯೇ ಹಾಯುತ್ತದೆ, ಉಸಿರಾಡಲು ಗಾಳಿಯೂ ಇರುತ್ತದೆ.

ಮೇಲುಕೋಟೆಯನ್ನೇ ನೋಡಬೇಕೆಂಬ ಆಸೆ ಇದ್ದವರಿಗೆ ಮಾತ್ರ ಆ ರಾತ್ರಿ ಸರಿಯಲ್ಲ. ರಾಮಾನುಜಾಚಾರ್ಯರು ಹನ್ನೆರಡನೆಯ ಶತಮಾನದಲ್ಲಿ ಇದ್ದ ಊರು. ಯೋಗನರಸಿಂಹನ ಬೆಟ್ಟ, ಅರ್ಧಕ್ಕೇ ನಿಂತ ರಾಯಗೋಪುರ, ಅಕ್ಕ–ತಂಗಿ ಕೊಳ, ಇವಕ್ಕೆಲ್ಲ ನಿಧಾನದ ಕಾಲು ಬೇಕು. ಬ್ರಹ್ಮೋತ್ಸವ ಒಂದು ರಾತ್ರಿಯದಲ್ಲ. ವೈರಮುಡಿ ಕಳೆದ ಮೇಲೆ ಮಹಾರಥೋತ್ಸವ, ಕಲ್ಯಾಣಿಯಲ್ಲಿ ತೆಪ್ಪೋತ್ಸವ ಇರುತ್ತವೆ. ಬೆಂಗಳೂರಿನ ಜನ ಅಷ್ಟು ಹೊತ್ತಿಗೆ ಮನೆ ಸೇರಿರುತ್ತಾರೆ. ತೆಪ್ಪದ ಸಂಜೆ ಮೆಟ್ಟಿಲ ಮೇಲೆ ಸುಮ್ಮನೆ ಕೂರಬಹುದು. ಬೆಟ್ಟ ಹತ್ತುವುದಾದರೆ ಬೆಳಗ್ಗೆ ಬೇಗ. ಕಲ್ಲು ಕಾದರೆ ಅಂಗಾಲು ಇಡಲಾಗದು. ಬಾಳೆಹಣ್ಣನ್ನು ಕೈಯಲ್ಲಿ ಹಿಡಿದು ಹತ್ತಿದರೆ ಅದು ಕೋತಿಗೆ ಕೊಟ್ಟ ನೈವೇದ್ಯ ಎಂದೇ ಲೆಕ್ಕ.

ನಂಜನಗೂಡು: ಮಿಣಿ ಹಿಡಿಯುವ ಮುನ್ನ

ಪಂಚ ಮಹಾರಥ ಎಂದರೆ ಐದು ತೇರು: ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ. ಶ್ರೀಕಂಠೇಶ್ವರನದು ಎಲ್ಲಕ್ಕಿಂತ ದೊಡ್ಡದು, ಗೌತಮ ರಥ ಎನ್ನುತ್ತಾರೆ. ಬೆಳಗಿನ ಜಾವವೇ ಎಳೆಯಲು ಶುರುವಾಗುವುದರಿಂದ ಹಿಂದಿನ ರಾತ್ರಿಯೇ ಊರು ಸೇರಬೇಕು. ಕಪಿಲೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ರಥಬೀದಿಗೆ ಬರುವವರ ಸಾಲು ಕತ್ತಲಲ್ಲೇ ಕಾಣುತ್ತದೆ.

ತೇರು ಎಳೆಯುವುದು ಎಲ್ಲರ ಹಕ್ಕು, ಆದರೆ ಅದಕ್ಕೊಂದು ಶಿಸ್ತಿದೆ. ಮಿಣಿಯನ್ನು (ತೇರಿನ ಹಗ್ಗವನ್ನು) ತುದಿಯ ಕಡೆ, ಅಂದರೆ ತೇರಿನಿಂದ ದೂರದಲ್ಲಿ ಹಿಡಿಯಿರಿ. ಹಗ್ಗದ ಹೊರಮಗ್ಗುಲಲ್ಲಿ ನಿಲ್ಲಿ, ಎರಡು ಹಗ್ಗಗಳ ನಡುವೆ ಬೇಡ. ಚಪ್ಪಲಿ, ಉದ್ದನೆಯ ದುಪಟ್ಟಾ, ಕುತ್ತಿಗೆಗೆ ನೇತುಹಾಕಿದ ಬ್ಯಾಗು ಯಾವುದೂ ಬೇಡ. ಚಕ್ರದ ಪಕ್ಕ ಮರದ ದಿಮ್ಮಿ ಹಿಡಿದು ಓಡುವವರನ್ನು ಗಮನಿಸಿ. ತೇರು ಎತ್ತ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಚಕ್ರಕ್ಕೆ ಆ ದಿಮ್ಮಿ ಕೊಟ್ಟೇ ಅವರು ತೀರ್ಮಾನಿಸುತ್ತಾರೆ. ಬ್ರೇಕು, ಸ್ಟಿಯರಿಂಗು ಎರಡೂ ಅವರೇ. ಅವರ ಹತ್ತಿರ ಹತ್ತು ಅಡಿಯೊಳಗೆ ನಿಮಗೆ ಕೆಲಸವಿಲ್ಲ. ಎಡವಿ ಬಿದ್ದರೆ ಹಗ್ಗದತ್ತ ಕೈಚಾಚದೆ ಹೊರಗೆ ಉರುಳಿ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮಿಣಿ ಹಿಡಿಯುವ ಅಪ್ಪಂದಿರನ್ನು ಕಂಡರೆ ನನಗೆ ಈಗಲೂ ಎದೆ ಡವಡವ ಎನ್ನುತ್ತದೆ.

ತೇರಿಗೆ ಹಣ್ಣು–ಜವನ ಎಸೆಯುವುದು ಈ ಸೀಮೆಯ ವಾಡಿಕೆ. ಬಾಳೆಹಣ್ಣಿಗೆ ಜವನದ ಎಳೆ ಸಿಕ್ಕಿಸಿ ಕಳಸದತ್ತ ಎಸೆಯುತ್ತಾರೆ. ಹೊಸದಾಗಿ ಮದುವೆಯಾದ ಜೋಡಿಗಳಿಗಂತೂ ಇದು ತಪ್ಪಿದ್ದಲ್ಲ, ಮೊದಲ ವರ್ಷದ ತೇರಿಗೆ ಅತ್ತೆಯ ಮನೆಯವರೇ ಕರೆದುಕೊಂಡು ಬರುತ್ತಾರೆ. ಗಟ್ಟಿ ಹಣ್ಣು ಕೊಳ್ಳಬೇಡಿ, ಎದುರು ಬದಿಯವರ ಹಣೆಗೆ ಬೀಳುತ್ತದೆ. ಸಣ್ಣದು, ಮಾಗಿದ್ದು ಸಾಕು. ನಂಜನಗೂಡು ರಸಬಾಳೆ ಎಂದು ಕೂಗಿ ಮಾರುವುದೆಲ್ಲ ರಸಬಾಳೆಯಲ್ಲ ಎಂಬುದು ಬೇರೆ ಮಾತು. ನಿಜವಾದ ರಸಬಾಳೆ ಸಿಕ್ಕರೆ ತೇರಿಗೆ ಎಸೆಯದೆ ತಿನ್ನಿ, ನಂಜುಂಡ ಬೇಸರಪಟ್ಟುಕೊಳ್ಳುವುದಿಲ್ಲ.

ಮುಡಿ ಕೊಡುವ ಹರಕೆ ಇದ್ದವರು ಕೌಂಟರಿನಲ್ಲಿ ಚೀಟಿ ಪಡೆದೇ ಕೂರಿ, ಹೊಸ ಬ್ಲೇಡು ಹಾಕುವುದನ್ನು ಕಣ್ಣಾರೆ ನೋಡಿ. ಜನಸಂದಣಿ ಆಗದವರಿಗೆ ನವೆಂಬರ್–ಡಿಸೆಂಬರ್ ಹೊತ್ತಿನ ಚಿಕ್ಕ ಜಾತ್ರೆ ಇದೆ.

ಊರ ಹಬ್ಬ: ಕರೆದರೆ ಮಾತ್ರ, ಕರೆದರೆ ತಪ್ಪದೆ

ಮದ್ದೂರು ಕಡೆಯ ಹಳ್ಳಿಯೊಂದಕ್ಕೆ ಗೆಳೆಯನೊಬ್ಬ ಕರೆದುಕೊಂಡು ಹೋಗಿದ್ದ. ಸಂಜೆ ನಾಲ್ಕಕ್ಕೆ ತಲುಪಿದಾಗ ಅವನ ಅವ್ವ ನಡುಮನೆಯಲ್ಲಿ ಕೂತು ತಂಬಿಟ್ಟು ಕಟ್ಟುತ್ತಿದ್ದರು. ಅಕ್ಕಿ ಹಿಟ್ಟು, ಬೆಲ್ಲದ ಪಾಕ, ಒಂದಿಷ್ಟು ಏಲಕ್ಕಿ. ಬಿಸಿ ಆರುವ ಮುನ್ನ ಅಂಗೈಗೆ ತುಪ್ಪ ಸವರಿಕೊಂಡು ಉಂಡೆ ಮಾಡಿ, ಮೇಲೆ ಗೋಪುರದಂತೆ ತಿದ್ದಿ, ಹೆಬ್ಬೆರಳಿನಿಂದ ನೆತ್ತಿಯಲ್ಲಿ ಗುಳಿ ಒತ್ತಿದರು. ಅದೇ ಹಣತೆ, ತುಪ್ಪ, ಬತ್ತಿ ಅಲ್ಲಿಗೆ. ಸುತ್ತ ಹೊಂಬಾಳೆಯ ಎಳೆಗಳನ್ನು ಒಂದೊಂದಾಗಿ ಚುಚ್ಚುತ್ತಾ, ನನ್ನತ್ತ ನೋಡದೆಯೇ, "ಕೂತುಕೊಳ್ಳಪ್ಪ, ಇವತ್ತು ಒಗ್ಗರಣೆ ಇಲ್ಲ, ಕಾಫಿ ಕೊಡುತ್ತೇನೆ" ಎಂದರು. ಹಬ್ಬ ಸಾರಿದ ಮೇಲೆ ಮನೆಗಳಲ್ಲಿ ಒಗ್ಗರಣೆ ಹಾಕುವುದಿಲ್ಲ ಎಂದು ನನಗೆ ತಿಳಿದದ್ದು ಆಗ.

ಈ "ಸಾರುವುದು" ನೀವು ಮೊದಲು ತಿಳಿಯಬೇಕಾದ ಪದ. ತಮಟೆ ಬಾರಿಸಿ ಹಬ್ಬ ಸಾರಿದ ದಿನದಿಂದ ಮುಗಿಯುವವರೆಗೆ ಊರಿಗೆ ಊರೇ ಕಟ್ಟಿನಲ್ಲಿರುತ್ತದೆ. ಹಲವು ಊರುಗಳಲ್ಲಿ ಊರಿನವರು ರಾತ್ರಿ ಹೊರಗೆ ತಂಗುವಂತಿಲ್ಲ, ಮಾಂಸ ಬೇಯಿಸುವಂತಿಲ್ಲ. ನೀವು ಸಾರಿದ ಮೇಲೆ ಹೋಗುತ್ತಿದ್ದರೆ ಏನು ತರಬಹುದು, ಉಳಿಯಬಹುದೇ ಎಂದು ಫೋನಿನಲ್ಲೇ ಕೇಳಿಕೊಳ್ಳಿ. ತರಬೇಕಾದದ್ದು ಎಲ್ಲ ಕಡೆ ಒಂದೇ: ಹೂವು, ಹಣ್ಣು, ಎಲೆ–ಅಡಿಕೆ, ತೆಂಗಿನಕಾಯಿ, ಅಮ್ಮನಿಗೆ ಮಡಿಲಕ್ಕಿ ತುಂಬುವುದಾದರೆ ರವಿಕೆ ಕಣ. ಬೇಕರಿ ಸ್ವೀಟಿನ ಡಬ್ಬಿ ಮಕ್ಕಳಿಗಷ್ಟೇ.

ಕೊಂಡಕ್ಕೆ ಸೌದೆ ಬರುವುದೇ ಒಂದು ಹಬ್ಬ. ಒಕ್ಕಲುಗಳು ಎತ್ತಿನಗಾಡಿಗೆ ಬಾಳೆಕಂದು, ಹೂ ಕಟ್ಟಿ, ಸೌದೆ ಹೇರಿ, ಪೂಜಾ ಕುಣಿತ, ತಮಟೆಯೊಡನೆ ತರುತ್ತಾರೆ, ಇದು ಕೊಂಡಬಂಡಿ. ರಾತ್ರಿ ಬೆಂಕಿ ಕೊಟ್ಟರೆ ಬೆಳಗಿನ ಹೊತ್ತಿಗೆ ಉರಿಯೆಲ್ಲ ಇಳಿದು ಕೆಂಡ ಉಳಿಯುತ್ತದೆ. ಅದನ್ನು ಉದ್ದನೆಯ ಕೋಲುಗಳಿಂದ ತಟ್ಟಿ ಹಾಸುತ್ತಾರೆ. ದೇವರ ಸೇವೆಗೆ ಮೀಸಲಾದ ಗುಡ್ಡಪ್ಪ ಹೊಳೆಯಿಂದಲೋ ಕೆರೆಯಿಂದಲೋ ಮಡಿಯಲ್ಲಿ ಬರುತ್ತಾನೆ. ಅವನು ಹಾಯುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಆ ಕ್ಷಣಕ್ಕೆ ತಮಟೆ ಏರಿ, ಜನ "ಅವ್ವಾ" ಎಂದು ಒಂದೇ ದನಿಯಲ್ಲಿ ಕೂಗುತ್ತಾರೆ. ನಾನು ಮೊದಲ ಸಲ ಅದನ್ನು ಮೊಬೈಲಿನಲ್ಲಿ ಹಿಡಿಯಲು ಹೋಗಿ, ಪರದೆಯಲ್ಲಿ ಹೊಗೆ, ಮುಂದಿನವರ ಟವೆಲ್ ಮಾತ್ರ ಉಳಿದವು. ಗುಡ್ಡಪ್ಪನ ಕಾಲು ನಾನು ಕಾಣಲೇ ಇಲ್ಲ.

ಕೊಂಡದ ಹತ್ತಿರ ನಿಲ್ಲುವ ರೀತಿ ಹೀಗೆ. ಗಾಳಿ ನಿಮ್ಮ ಬೆನ್ನಿಗಿರಲಿ. ನೈಲಾನ್ ಸೀರೆ, ಪಾಲಿಸ್ಟರ್ ಅಂಗಿ ಬೇಡ. ಕಿಡಿ ಹಾರಿದರೆ ಮೈಗೆ ಅಂಟುತ್ತವೆ. ಕೊಂಡದ ಎರಡು ತುದಿಗಳನ್ನು ಬಿಟ್ಟು ಮಗ್ಗುಲಲ್ಲಿ ನಿಲ್ಲಿ, ಹಾಯ್ದು ಬರುವವರು ವೇಗದಲ್ಲಿ ನಿಲ್ಲಲಾರರು. ಮುಂದಿನ ಸಾಲು ಊರಿನವರದು, ಹರಕೆಯವರದು, ಎರಡನೆಯ ಸಾಲು ನೆಂಟರದು. ಉಮೇದು ಬಂತೆಂದು ಹಾಯಲು ಹೋಗಬೇಡಿ. ಹಾಯುವವರು ದಿನಗಟ್ಟಲೆ ಒಪ್ಪೊತ್ತು ಇದ್ದು, ಹರಕೆ ಹೊತ್ತು ಬಂದವರು. ನಡುವೆ ತಡಬಡಾಯಿಸಿದರೆ ಸುಡುವುದು ನಿಮ್ಮನ್ನು, ಹೆಸರು ಕೆಡುವುದು ಊರಿನದು. ಬಾಯಿಬೀಗ ಚುಚ್ಚಿಸಿಕೊಂಡವರ ಮುಖಕ್ಕೆ ಹತ್ತಿರದಿಂದ ಕ್ಯಾಮೆರಾ ಹಿಡಿಯುವುದಂತೂ ಬೇಡವೇ ಬೇಡ.

ಮಾರನೆಯ ದಿನ ಬಾಡೂಟ. ದೇವಸ್ಥಾನದ ಆವರಣದಲ್ಲಿ ಪ್ರಾಣಿಬಲಿಯನ್ನು 1959ರ ರಾಜ್ಯ ಕಾಯ್ದೆ ನಿಷೇಧಿಸುತ್ತದೆ. ಅಡುಗೆಯೆಲ್ಲ ಮನೆಯಂಗಳ, ತೋಟಗಳಲ್ಲಿ ನಡೆಯುತ್ತದೆ. ಮಾಂಸ ತಿನ್ನದವರು ಮುಜುಗರಪಡಬೇಕಿಲ್ಲ. ಮೊದಲೇ "ಅಕ್ಕಾ, ನನಗೆ ಸೊಪ್ಪಿನ ಸಾರು ಸಾಕು" ಎಂದರೆ ಬೇರೆ ಒಲೆಯಲ್ಲಿ ಮಾಡಿಕೊಡುತ್ತಾರೆ. ಎಲೆಯ ಮುಂದೆ ಕೂತ ಮೇಲೆ ಹೇಳಿದರೆ ಅವರಿಗೆ ನೋವು. ಮುದ್ದೆಯನ್ನು ಅಗಿಯದೆ ಮುರಿದು, ಸಾರಿನಲ್ಲಿ ಅದ್ದಿ ನುಂಗ್ರಿ ಎಂದು ಕಲಿಸಲು ಮೂರು ಜನ ಎದುರು ಕೂರುತ್ತಾರೆ. ಎರಡನೆಯ ಮುದ್ದೆ ಬೇಡವೆಂದರೆ ಅರ್ಧಕ್ಕೆ ಒಪ್ಪಂದವಾಗುತ್ತದೆ, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಊಟದ ಮನೆಯವರಿಗೆ ಹಣ ಕೊಡಬೇಡಿ. ಹಬ್ಬದ ವಂತಿಗೆಯ ಪುಸ್ತಕ ದೇವಸ್ಥಾನದ ಹತ್ತಿರ ಇರುತ್ತದೆ, ಕೈಲಾದಷ್ಟು ಅಲ್ಲಿ ಬರೆಸಿ. ಹೆಸರನ್ನು ಮೈಕಿನಲ್ಲಿ ಕೂಗಿದಾಗ ನಾಚಿಕೆಯಾದರೆ ಸಹಿಸಿಕೊಳ್ಳಿ.

ಮಳವಳ್ಳಿಯ ಪಟ್ಟಲದಮ್ಮನ ಸಿಡಿಹಬ್ಬ ಇದೇ ಬಗೆಯದು, ಆದರೆ ಪಟ್ಟಣದ ಅಳತೆಯದು. ಮೊದಲ ಸಲಕ್ಕೆ ಸಣ್ಣ ಊರೇ ಒಳ್ಳೆಯದು.

ನೀರಿನ ಬಳಿ

ಈ ಸೀಮೆಯ ಕ್ಷೇತ್ರಗಳಲ್ಲಿ ಬಹಳಷ್ಟು ಹೊಳೆದಡದವು, ಆದ್ದರಿಂದ ಈ ಮಾತು ಕಟ್ಟುನಿಟ್ಟು. ತಲಕಾಡು, ಮುತ್ತತ್ತಿ, ತಿರುಮಕೂಡಲು ನರಸೀಪುರ ಎಲ್ಲಿಯಾದರೂ ಸರಿ, ಸ್ನಾನಘಟ್ಟ ಬಿಟ್ಟು ಬೇರೆ ಕಡೆ ಇಳಿಯಬೇಡಿ. ಮೇಲೆ ಮೊಣಕಾಲುದ್ದ ಕಾಣುವ ಕಾವೇರಿಯ ಮರಳಿನಲ್ಲಿ ಒಂದು ಹೆಜ್ಜೆ ಮುಂದೆ ಆಳುದ್ದದ ಮಡು ಇರುತ್ತದೆ. "ಮಾಲಂಗಿ ಮಡುವಾಗಿ" ಎಂದು ಅಲಮೇಲಮ್ಮ ಶಪಿಸಿದ ಕಥೆ ಹುಟ್ಟಿದ್ದೇ ಅಲ್ಲಿ. ಅಣೆಕಟ್ಟೆಯಿಂದ ನೀರು ಬಿಟ್ಟರೆ ಹೊಳೆ ಏರುವುದಕ್ಕೆ ಹೆಚ್ಚು ಹೊತ್ತು ಬೇಡ.

ತಲಕಾಡಿನ ಪಂಚಲಿಂಗ ದರ್ಶನಕ್ಕೆ ಕಾರ್ತಿಕ ಸೋಮವಾರ, ಕುಹೂಯೋಗ ಎಂಬ ಅಪರೂಪದ ಪಂಚಾಂಗದ ಯೋಗ ಎಲ್ಲ ಕೂಡಬೇಕು. 2009, 2013, 2020, ಹೀಗೆ ಅಂತರಕ್ಕೆ ನಿಯಮವಿಲ್ಲ. ಆ ವರ್ಷಕ್ಕೆ ಕಾಯುವ ಬದಲು ಯಾವುದಾದರೂ ಸಾಮಾನ್ಯ ಕಾರ್ತಿಕ ಸೋಮವಾರ ಹೋಗಿ ಎನ್ನುತ್ತೇನೆ. ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರ ಮರಳ ನಡುವೆಯೇ ಸಿಗುತ್ತಾರೆ. ಅರ್ಕೇಶ್ವರ ವಿಜಯಾಪುರದಲ್ಲಿ, ಮಲ್ಲಿಕಾರ್ಜುನ ಮುಡುಕುತೊರೆಯ ಬೆಟ್ಟದ ಮೇಲೆ; ಇವೆರಡಕ್ಕೆ ಆಟೊ ಬೇಕು. ಮಧ್ಯಾಹ್ನದ ಮರಳು ಕಾದ ಹೆಂಚು, ಹತ್ತು ಗಂಟೆಯೊಳಗೆ ಮೂರನ್ನೂ ಮುಗಿಸಿ. ನರಸೀಪುರದ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆಯ ಲೆಕ್ಕದಲ್ಲಿ ಕುಂಭಮೇಳ ನಡೆಯುತ್ತಿದೆ, 2025ರಲ್ಲಿ ಫೆಬ್ರವರಿ 10ರಿಂದ 12ರವರೆಗೆ ನಡೆಯಿತು. ಮೇಳ ಇಲ್ಲದ ದಿನ ಹೋದರೂ ಗುಂಜಾ ನರಸಿಂಹ ಕೈಯಲ್ಲಿ ಗುಲಗಂಜಿ ಹಿಡಿದುಕೊಂಡೇ ಇರುತ್ತಾನೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಊರಿನವರ ಹೆಮ್ಮೆ.

ಹೊರಡುವಾಗ

ಜಾತ್ರೆಯಿಂದ ಬರಿಗೈಯಲ್ಲಿ ಬರುವ ಪದ್ಧತಿ ಇಲ್ಲ. ಕಡ್ಲೆಪುರಿ, ಬತ್ತಾಸು, ಬೆಂಡು, ಖಾರ ಕೊಳ್ಳಿ. ಪುರಿಯನ್ನು ಅಂಗಡಿಯವರು ಸೇರಿನಿಂದ ಅಳೆದು ಸುರಿಯುವಾಗ ಮೇಲೊಂದು ಹಿಡಿ ಕೊಸರು ಕೇಳಿ, ಕೇಳದಿದ್ದರೆ ಅವರಿಗೇ ಬೇಸರ. ಬತ್ತಾಸನ್ನು ಪುರಿಯ ಜೊತೆ ಒಂದೇ ಚೀಲಕ್ಕೆ ಹಾಕಿಸಬೇಡಿ, ಬಸ್ಸಿನ ನೂಕಾಟದಲ್ಲಿ ಪುಡಿಯಾಗಿ ಎಲ್ಲ ಅಂಟಂಟಾಗುತ್ತದೆ. ಚೀಲದ ಬಾಯಿಯನ್ನು ಬಿಗಿಯಾಗಿ ಕಟ್ಟಿ ಮಡಿಲಲ್ಲೇ ಇಟ್ಟುಕೊಳ್ಳಿ. ತಲೆಯ ಮೇಲಿನ ಕ್ಯಾರಿಯರ್‌ನಲ್ಲಿ ಇಟ್ಟರೆ ಯಾರದೋ ಟ್ರಂಕು ಅದರ ಮೇಲೆ ಕೂರುತ್ತದೆ. ಮನೆಗೆ ಬಂದ ಬೆಳಗ್ಗೆಯೇ ಅಕ್ಕಪಕ್ಕದ ಮನೆಗಳಿಗೆ ಒಂದೊಂದು ಬೊಗಸೆ ಹಂಚಿಬಿಡಿ. ಎರಡನೆಯ ದಿನಕ್ಕೆ ಪುರಿ ಮೆತ್ತಗಾಗುತ್ತದೆ.